ತಲೆ ಎತ್ತಿ ನೋಡಿದ ಸಿನಿಮಾ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡ್ಲಿಕ್ಕೆ ಹೊರಟದ್ದು ಒಂದು ಹಳೇ ಹಿಂದಿ ಸಿನಿಮಾದ ಬಗ್ಗೆ, ಮೊಘಲ್-ಎ-ಆಜಮ್, ನಿರ್ದೇಶಕ ಕೆ. ಆಸಿಫ್ ಮಾಡಿದ್ದು, ಅಕ್ಬರ ಬಾದಶಹನ ಮಗ ಸಲೀಂ ಮತ್ತು ಅರಮನೆಯ ನರ್ತಕಿ ಅನಾರ್ಕಲಿಯ ಪ್ರೇಮದ ಕತೆ, ಮೊದ್ಲು ಪರದೆಗೆ ಬಂದದ್ದು 1960ರ ಆಗಸ್ಟ್ 5ಕ್ಕೆ. ರೇಡಿಯೋದಲ್ಲಿ ಕೂತು ಸಿನಿಮಾ ನೋಡುವ ವಿಷಯ ಹೇಳುವುದೆಂತ ಮಾರಾಯ್ರೆ ಅಂತ ನಿಮಗೆ ನಗು ಬರ್ಬಹುದು, ಆದ್ರೆ ಈ ಸಿನಿಮಾ ನನಗೆ ಮೊದ್ಲು ಸಿಕ್ಕಿದ್ದೇ ರೇಡಿಯೋದಲ್ಲಿ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ರ. ರಾತ್ರಿ ಚಾವಡಿಯಲ್ಲಿ ಅಡಿಕೆ ಸುಲಿಯುವಾಗ ವಿವಿಧಭಾರತಿ ಹಾಡ್ತಾ ಇರ್ತಿತ್ತು, ಲತಾ ಮಂಗೇಶ್ಕರ್ ‘ಪ್ಯಾರ್ ಕಿಯಾ ತೋ’ ಅಂತ ಎತ್ತಿದ್ರೆ ಸಾಕು ಅಜ್ಜನ ಸುಲಿಯುವ ಕೈ ನಿಂತೇ ಬಿಡ್ತಿತ್ತು. ಅಜ್ಜನಿಗೆ ಹಿಂದಿ ಬರ್ತಿರ್ಲಿಲ್ಲ, ಯಾಕೆ ನಿಂತಿತು ಅಂತ ಕೇಳಿದ್ರೆ ಹೇಳ್ತಾನೂ ಇರ್ಲಿಲ್ಲ.

ಆಮೇಲೆ ಟೀವಿಯಲ್ಲಿ ನೋಡಿದೆ, ಪಕ್ಕದ ಮನೆಯಲ್ಲಿ, ಒಬ್ಬ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿಂದ ನಾವೆಲ್ಲ ಬಂತು ಬಂತು, ಹೋಯ್ತು ಅಂತ ಬೊಬ್ಬೆ ಹೊಡೆಯುವುದು, ಸರಿ ಅರ್ಧಕ್ಕೆ ಬರುವಾಗ ಕರೆಂಟು ಹೋಯ್ತು. ನೋಡಿದ್ದಕ್ಕೆ ಲೆಕ್ಕ ಅಷ್ಟೆ. ಯಾರೋ ಒಬ್ಬ ರಾಜ ಜೋರು ಮಾತಾಡ್ತಾನೆ, ಒಂದು ಹುಡುಗಿ ಅಳ್ತಾಳೆ, ಇದಕ್ಕೆ ಇಷ್ಟು ಹೆಸರು ಯಾಕೆ ಅಂತ ನನಗೆ ಆಗ ಅರ್ಥ ಆಗ್ಲಿಲ್ಲ.

2004ರಲ್ಲಿ ದೀಪಾವಳಿಗೆ, ನವೆಂಬರ್ 12ಕ್ಕೆ, ಕಪ್ಪು ಬಿಳುಪಿನ ಭಾಗಕ್ಕೆಲ್ಲ ಕಂಪ್ಯೂಟರಿನಲ್ಲಿ ಬಣ್ಣ ಹಾಕಿ ಮತ್ತೆ ರಿಲೀಸ್ ಮಾಡಿದ್ರು. ಉಪ್ಪಳದ ನನ್ನ ದೋಸ್ತಿ ಫೋನ್ ಮಾಡಿ, ಭಾವ, ಮಂಗಳೂರಿಗೆ ಬಂದಿದೆ, ನೀನು ಕುಂಬ್ಳೆಯಲ್ಲಿ ಟ್ರೈನ್ ಹತ್ತು, ನಾನು ಉಪ್ಪಳದಲ್ಲಿ ಹತ್ತುತ್ತೇನೆ ಅಂದ. ಉಪ್ಪಳದಲ್ಲಿ ಉರ್ದು ಮನೆಮಾತಿನವರು ತುಂಬಾ ಜನ ಇದ್ದಾರೆ, ನಿಮಗೆ ಗೊತ್ತಿರ್ಬಹುದು, ಇವನೂ ಅವರಲ್ಲೊಬ್ಬ. ಮನೆಯಲ್ಲಿ ಉರ್ದು, ಪೇಟೆಯಲ್ಲಿ ತುಳು, ಬಸ್ಸಲ್ಲಿ ಮಲಯಾಳ, ನನ್ನತ್ರ ಕನ್ನಡ. ಅಡಿಕೆ ಕೊಯ್ಲು ಸುರುವಾಗಿತ್ತು, ಮನೆಯಲ್ಲಿ ಎಂತದೋ ಒಂದು ಸುಳ್ಳು ಹೇಳಿ ಹೊರಟೆ. ಆ ಸುಳ್ಳು ಇಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ, ಮನೆಯವರು ಈಗ ರೇಡಿಯೋ ಕೇಳ್ತಾ ಇರ್ತಾರೆ.

ಸಿನಿಮಾ ಸುರುವಾಗುವುದೇ ಅಕ್ಬರ ಮಗನಿಗಾಗಿ ಹರಕೆ ಹೊತ್ತು ಸುಡುವ ಮರಳಲ್ಲಿ ಬರಿಗಾಲಲ್ಲಿ ನಡೆಯುವುದರಿಂದ, ಸಲೀಂ ಚಿಸ್ತಿ ಎಂಬ ಸೂಫಿ ಸಂತನ ಹತ್ರಕ್ಕೆ. ಟೀವಿಯಲ್ಲಿ ಅದು ಒಬ್ಬ ಮನುಷ್ಯ ನಡೆದದ್ದು, ಅಷ್ಟೆ. ಥಿಯೇಟರಿನಲ್ಲಿ ನೋಡ್ತೇನೆ, ಪರದೆ ತುಂಬಾ ಮರಳು, ಅದರ ನಡುವೆ ಬಾದಶಹ ಒಂದು ಇರುವೆಯಷ್ಟು. ಇಷ್ಟು ದೊಡ್ಡ ರಾಜನನ್ನು ಮೊದ್ಲು ಇಷ್ಟು ಸಣ್ಣ ಮಾಡಿ ತೋರಿಸಿದ್ರಲ್ಲ ಅಂತ ಅಲ್ಲೇ ನಾನು ಬಿದ್ದೆ. ಆಮೇಲೆ ದರ್ಬಾರಿನಲ್ಲಿ ಅಕ್ಬರನಾಗಿ ಪೃಥ್ವಿರಾಜ್ ಕಪೂರ್ ಬರ್ತಾರೆ ನೋಡಿ, ಅದು ಸಾಕ್ಷಾತ್ ಒಡ್ಡೋಲಗ. ನಮ್ಮ ಯಕ್ಷಗಾನ ಮೇಳದಲ್ಲಿ ದೇವೇಂದ್ರನ ಒಡ್ಡೋಲಗಕ್ಕೆ ಚೆಂಡೆ ಬೀಳುವಾಗ ನಿದ್ದೆ ತೂಗುವ ಮಕ್ಕಳೂ ಎದ್ದು ಕೂರುವುದಿಲ್ವಾ, ಹಾಗೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು ನಾವು, ನಮಗೆ ರಾಜ ಅಂದ್ರೆ ಕಿರೀಟ, ಭುಜಕೀರ್ತಿ, ಗ್ಯಾಸ್‌ಲೈಟಿಗೆ ಮಿನುಗುವ ಕನ್ನಡಿ ಚೂರು. ನಿಜವಾದ ಅರಮನೆ ಎಲ್ಲಿ ನೋಡಿದ್ದೇವೆ? ಬೇಕಲ ಕೋಟೆ ಅಷ್ಟು ದೊಡ್ಡದು, ಒಳಗೆ ಹೋದ್ರೆ ಅರಮನೆಯೇ ಇಲ್ಲ, ಗಾಳಿ ಮತ್ತು ಕಡಲು. ಸಣ್ಣದಿರುವಾಗ ಶಾಲೆಯಿಂದ ಕರ್ಕೊಂಡು ಹೋದಾಗ ರಾಣಿಯ ಕೋಣೆ ಎಲ್ಲಿ ಅಂತ ಹುಡುಕಿ ಹುಡುಕಿ ಬೇಜಾರಾಗಿತ್ತು ನನಗೆ.

ಇನ್ನು ಶೀಶ್ ಮಹಲ್, ಕನ್ನಡಿಯ ಅರಮನೆ. 150 ಅಡಿ ಉದ್ದ, 80 ಅಡಿ ಅಗಲ, 35 ಅಡಿ ಎತ್ತರದ ಸೆಟ್ಟು, ಕಟ್ಲಿಕ್ಕೇ ಹತ್ತಿರ ಎರಡು ವರ್ಷ, ಬೆಲ್ಜಿಯಂ ಗಾಜು ತರಿಸಿ ಫಿರೋಜಾಬಾದಿನ ಕೆಲಸದವರನ್ನು ಕೂರಿಸಿ ಮಾಡಿಸಿದ್ದಂತೆ. ಎಲ್ಲ ಆದ ಮೇಲೆ ಲೈಟ್ ಹಾಕಿದ್ರೆ ಕನ್ನಡಿಗಳೆಲ್ಲ ಒಟ್ಟಿಗೆ ಹೊಳೆದು ಕ್ಯಾಮರಾಕ್ಕೆ ಎಂತದೂ ಕಾಣುವುದಿಲ್ಲ! ತಿಳಿದವರೆಲ್ಲ ಇದು ಆಗುವ ಕೆಲಸ ಅಲ್ಲ, ಬಿಡಿ ಅಂದ್ರಂತೆ. ಕೊನೆಗೆ ಕನ್ನಡಿಗಳಿಗೆ ತೆಳ್ಳಗೆ ಮೇಣ ಸವರಿ ಹೊಳಪು ತಗ್ಗಿಸಿದ್ರು, ಕ್ಯಾಮರಾದ ಆರ್. ಡಿ. ಮಾಥುರ್ ಬಟ್ಟೆಯ ಪಟ್ಟಿ ಕಟ್ಟಿ ಬೆಳಕನ್ನು ಅದಕ್ಕೆ ಬಡಿಸಿ ಹಿಂದೆ ತಂದ್ರು, ಹಾಗೆ ಶೂಟಿಂಗ್ ನಡೀತು. ಸೆಟ್ಟಿಗೆ ಹಾಕಿದ ದುಡ್ಡಿನ ಲೆಕ್ಕ ಎಲ್ಲರೂ ಹೇಳ್ತಾರೆ, ಈ ಮೇಣದ ಬುದ್ಧಿಯೇ ನನಗೆ ಹೆಚ್ಚು ಇಷ್ಟ.

ಆ ‘ಪ್ಯಾರ್ ಕಿಯಾ ತೋ’ ಹಾಡು ಬರುವುದು ಇಲ್ಲೇ, ಹಾಡಿನ ಕೊನೆಗೆ ಬರುವಾಗ ಒಂದು ಸಂಗತಿ ಆಗ್ತದೆ. ಅನಾರ್ಕಲಿ ಕೆಳಗೆ ಕುಣಿತಾ ಇರ್ತಾಳೆ, ಅಕ್ಬರನಿಗೆ ಸಿಟ್ಟು ನೆತ್ತಿಗೇರಿ ಮುಖ ಆಚೆ ತಿರುಗಿಸ್ಬೇಕು ಅಂತ ತಲೆ ಎತ್ತಿದ್ರೆ ಮಾಡಿನ ಒಂದೊಂದು ಕನ್ನಡಿಯಲ್ಲೂ ಅವಳೇ, ನೂರಾರು ಅನಾರ್ಕಲಿಯರು. ಟೀವಿಯಲ್ಲಿ ಅದು ಬರೀ ಚುಕ್ಕಿಗಳ ಹಾಗೆ ಕಂಡಿತ್ತು, ಎಂತ ಅಂತಲೇ ಗೊತ್ತಾಗಿರ್ಲಿಲ್ಲ. ಥಿಯೇಟರಿನಲ್ಲಿ ಅಕ್ಬರ ತಲೆ ಎತ್ತಿದ, ನನ್ನ ಎದುರಿನ ಸಾಲಿನವರ ತಲೆಗಳೂ ಮೇಲೆ ಹೋದವು, ನೋಡಿದ್ರೆ ನನ್ನ ಕುತ್ತಿಗೆಯೂ ಮೇಲೆ. ಇಡೀ ಥಿಯೇಟರು ಅಕ್ಬರನ ಹಾಗೇ ಸಿಕ್ಕಿಬಿದ್ದಿತ್ತು, ತಪ್ಪಿಸ್ಲಿಕ್ಕೆ ಬೇರೆ ಜಾಗ ಇಲ್ಲ. ಕುತ್ತಿಗೆ ಎತ್ತುವಂಥ ದೊಡ್ಡ ಪರದೆ ಇಲ್ಲದಿದ್ರೆ ಈ ದೃಶ್ಯ ಅರ್ಧ ಸತ್ತ ಹಾಗೆಯೇ. ಈಗ ಫೋನಿನಲ್ಲಿ ಬಗ್ಗಿ ನೋಡ್ತೇವಲ್ಲ, ಬಗ್ಗಿ ನೋಡಿದ್ರೆ ಬಾದಶಹನೂ ನಮ್ಮ ಕೈಯ ಬೊಂಬೆ.

ದೊಡ್ಡದು ದೊಡ್ಡದು ಅಂತ ಹೇಳಿದೆ, ಆದ್ರೆ ಮನಸ್ಸಲ್ಲಿ ಕೂತದ್ದು ಒಂದು ಗರಿ. ರಾತ್ರಿ, ದೂರದಲ್ಲಿ ತಾನ್‌ಸೇನ್ ಹಾಡ್ತಾನೆ, ದನಿ ಹಿಂದೂಸ್ತಾನಿ ಗಾಯಕ ಬಡೇ ಗುಲಾಂ ಅಲಿ ಖಾನರದ್ದು, ಸೋಹನಿ ರಾಗ, ಸಲೀಂ ಒಂದು ಬಿಳಿ ಗರಿಯಲ್ಲಿ ಅನಾರ್ಕಲಿಯ ಮುಖ ಸವರ್ತಾನೆ. ಮತ್ತೆ ಎಂತದೂ ಇಲ್ಲ. ದಿಲೀಪ್ ಕುಮಾರ್ ಮಾತಾಡುವುದಿಲ್ಲ, ಮಧುಬಾಲಾ ರೆಪ್ಪೆ ಎತ್ತುತ್ತಾಳೆ, ಇಳಿಸ್ತಾಳೆ. ಅವಳ ಮುಖ ನಮ್ಮ ಮನೆಯ ಅಂಗಳದಷ್ಟು ಅಗಲ ಪರದೆಯಲ್ಲಿ! ರೆಪ್ಪೆ ಅದುರಿದ್ದು ಹಿಂದಿನ ಸೀಟಿಗೂ ಕಾಣ್ತದೆ. ಆ ಹೊತ್ತಿಗೆ ಅವರಿಬ್ಬರೂ ಹೊರಗೆ ಒಬ್ರಿಗೊಬ್ರು ಮಾತೇ ಬಿಟ್ಟಿದ್ರು ಅಂತಾರೆ. ಖಾನ್ ಸಾಹೇಬರು ಸಿನಿಮಾಕ್ಕೆ ಹಾಡುವುದಿಲ್ಲ ಅಂತ ತಪ್ಪಿಸ್ಲಿಕ್ಕೆ ಒಂದು ಹಾಡಿಗೆ 25,000 ಕೇಳಿದ್ರಂತೆ, ದೊಡ್ಡ ಗಾಯಕರಿಗೂ ನೂರುಗಳಲ್ಲಿ ಕೊಡುವ ಕಾಲ ಅದು, ಆಸಿಫ್ ಎರಡು ಮಾತಿಲ್ಲದೆ ಒಪ್ಪಿದ್ರಂತೆ. ಸಂಗೀತ ನೌಷಾದ್, ಹಾಡು ಬರೆದದ್ದು ಶಕೀಲ್ ಬದಾಯುನಿ.

ಬಣ್ಣದ ಬಗ್ಗೆ ನನ್ನದೊಂದು ತಕರಾರು ಉಂಟು. ಶೀಶ್ ಮಹಲ್ ಹಾಡು ಮತ್ತು ಕೊನೆಯ ಕೆಲವು ರೀಲು 1960ರ ಸಿನಿಮಾದಲ್ಲೇ ಬಣ್ಣದಲ್ಲಿ ಇದ್ದದ್ದು, ಅದರ ಹದವೇ ಬೇರೆ. ಕಂಪ್ಯೂಟರಿನವರು ಹಾಕಿದ್ದು ಕೆಲವು ಕಡೆ ಜಾತ್ರೆಯ ಮಿಠಾಯಿ. ಅನಾರ್ಕಲಿಯನ್ನು ಸರಪಳಿ ಹಾಕಿ ಕೂಡಿಟ್ಟ ದೃಶ್ಯಕ್ಕೆ ಕಪ್ಪು ಬಿಳುಪೇ ಸರಿ ಇತ್ತು. ಆ ಸರಪಳಿ ನಿಜವಾದ ಕಬ್ಬಿಣದ್ದು, ಮಧುಬಾಲಾರಿಗೆ ಹೃದಯದ ಕಾಯಿಲೆ ಬೇರೆ ಇತ್ತು, 1969ರಲ್ಲಿ 36ನೇ ವಯಸ್ಸಿಗೆ ತೀರಿಹೋದ್ರು. ಇದು ಗೊತ್ತಿದ್ದು ನೋಡುವಾಗ ಆ ಕಣ್ಣಿನ ಸುಸ್ತು ನಟನೆಯೋ ನಿಜವೋ ಅಂತ ಬಿಡಿಸ್ಲಿಕ್ಕೆ ಆಗುವುದಿಲ್ಲ.

ಚರಿತ್ರೆ ಅಂತ ನಂಬಿ ಹೋಗ್ಬೇಡಿ ಮತ್ತೆ. ಸಲೀಂ ಅಪ್ಪನ ಮೇಲೆ ತಿರುಗಿಬಿದ್ದು ಅಲಹಾಬಾದಿನಲ್ಲಿ ತನ್ನದೇ ದರ್ಬಾರು ಕಟ್ಟಿದ್ದು ನಿಜ. ಅನಾರ್ಕಲಿಯ ಸುದ್ದಿ ಅಕ್ಬರನ ಕಾಲದ ಚರಿತ್ರೆ ಪುಸ್ತಕ ಅಕ್ಬರನಾಮಾದಲ್ಲಿ ಇಲ್ಲ, ಲಾಹೋರಿನಲ್ಲಿ ಗೋರಿ ಉಂಟು, ಬಾಯಿಂದ ಬಾಯಿಗೆ ಬಂದ ಕತೆ ಉಂಟು, 1922ರಲ್ಲಿ ಇಮ್ತಿಯಾಜ್ ಅಲಿ ತಾಜ್ ಅದನ್ನು ನಾಟಕ ಮಾಡಿದ್ರು, ಸಿನಿಮಾ ಬಂದದ್ದು ಆ ದಾರಿಯಲ್ಲಿ. ನಮಗೆ ಇದೇನು ಹೊಸತಲ್ಲ, ಬಭ್ರುವಾಹನ ಅರ್ಜುನನಿಗೆ ಎದುರು ನಿಂತದ್ದಕ್ಕೆ ನಾವು ದಾಖಲೆ ಕೇಳ್ತೇವಾ? ಅರ್ಥ ಹೇಳುವವರು ಹೇಗೆ ಹೇಳಿದ್ರು ಅಂತ ಕೇಳ್ತೇವೆ. ಅಪ್ಪ ಮಗನ ಜಟಾಪಟಿ ಇದರಲ್ಲಿ ಅಪ್ಪಟ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದ ಹಾಗೆ, ನಾಲ್ಕು ಜನ ಸೇರಿ ಬರೆದ ಉರ್ದು. ನನಗೆ ಅರ್ಧಕ್ಕರ್ಧ ಅರ್ಥ ಆಗ್ತಿರ್ಲಿಲ್ಲ, ದೋಸ್ತಿ ಮೊದ್ಲು ಮೊದ್ಲು ಕಿವಿಯಲ್ಲಿ ಕನ್ನಡ ಮಾಡಿ ಹೇಳ್ತಿದ್ದ, ಇಂಟರ್ವಲ್ ಆದ ಮೇಲೆ ಅವನೇ ಒಳಗೆ ಹೋಗಿಬಿಟ್ಟ. ಎಂತ ಹೇಳಿದ, ಎಂತ ಹೇಳಿದ ಅಂತ ನಾನು ತಿವಿದ್ರೆ, ಸುಮ್ನಿರು, ದನಿ ಕೇಳು ಅಂದ. ಆಗ ಚಾವಡಿಯ ಅಜ್ಜನ ಕೈ ನೆನಪಾಯ್ತು ನನಗೆ.

ಬಿಟ್ಟು ಹೊರಗೆ ಬರುವಾಗ ಕತ್ತಲಾಗಿತ್ತು, ಓಡಿ ಟ್ರೈನ್ ಹಿಡಿದೆವು, ಜನ ತುಂಬಿ ಬಾಗಿಲ ಹತ್ರವೇ ನಿಂತದ್ದು, ನೇತ್ರಾವತಿ ಸೇತುವೆ ದಾಟುವವರೆಗೂ ಇಬ್ಬರೂ ಮಾತಾಡ್ಲಿಲ್ಲ. ಉಪ್ಪಳ ಬಂತು. ಇವನು ಇಳಿಯುವಾಗ ಪ್ಲಾಟ್‌ಫಾರ್ಮಿನಲ್ಲಿ ಹತ್ತಲಿಕ್ಕೆ ನುಗ್ತಾ ಇದ್ದ ಜನರ ಎದುರು ಎದೆ ಸೆಟೆದು ನಿಂತು, ದರ್ಬಾರಿನಲ್ಲಿ ಕೂಗುವವನ ಹಾಗೆ ‘ಬಾ-ಅದಬ್, ಬಾ-ಮುಲಾಹಿಜಾ, ಹೋಶಿಯಾರ್’ ಅಂತ ಜೋರಾಗಿ ಕೂಗಿದ. ಮೀನಿನ ಬುಟ್ಟಿ ಹಿಡ್ಕೊಂಡಿದ್ದ ಒಂದು ಅಜ್ಜಿ ತುಳುವಿನಲ್ಲಿ ಬೈದು ಅವನನ್ನು ಪಕ್ಕಕ್ಕೆ ತಳ್ಳಿ ಹತ್ತಿತು, ನಾನು ಕುಂಬ್ಳೆಯವರೆಗೆ ಆ ಬುಟ್ಟಿಯ ಪಕ್ಕದಲ್ಲೇ ನಿಂತು ಬಂದೆ.