ಟಿಸಿ ಪುಸ್ತಕದಲ್ಲಿ ಉಳಿದ ಹಾಳೆ

(ಮಸ್ಕಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ತಮ್ಮ ನಿವೃತ್ತಿಯ ದಿನ, 2025ರ ಮೇ 31ರಂದು, ಶಾಲೆಯ ಅಂಗಳದಲ್ಲಿ ಆಡಿದ ಮಾತುಗಳು)

ಎಲ್ಲರಿಗೂ ನಮಸ್ಕಾರ.

ಈ ಹಾರ, ಶಾಲು ತೆಗೆದು ಕುರ್ಚಿ ಮೇಲೆ ಇಡುತ್ತೇನೆ, ಯಾರೂ ತಪ್ಪು ತಿಳೀಬೇಡಿ. ಮೇ ತಿಂಗಳು, ರಾಯಚೂರು ಸೀಮೆ, ಮಧ್ಯಾಹ್ನ ಹನ್ನೆರಡು ಗಂಟೆ. ಸನ್ಮಾನ ಅಂದರೆ ಶಾಲು ಹೊದಿಸಬೇಕು ಅಂತ ಮೊದಲು ಹೇಳಿದವರು ಖಂಡಿತ ನಮ್ಮ ಕಡೆಯವರಲ್ಲ.

ಎಸ್‌ಡಿಎಂಸಿ ಅಧ್ಯಕ್ಷರೇ, ಪಂಚಾಯ್ತಿ ಸದಸ್ಯರೇ, ನನ್ನ ಜೊತೆ ಕೆಲಸ ಮಾಡಿದ ಗೆಳೆಯರೇ, ಊರಿನ ಹಿರಿಯರೇ, ತಾಯಂದಿರೇ, ಮಕ್ಕಳೇ. ಅಡುಗೆ ಕೋಣೆ ಬಾಗಿಲಲ್ಲಿ ನಿಂತಿರುವ ಅಕ್ಕಂದಿರೇ, ನೀವೂ ಬಂದು ಕೂತುಕೊಳ್ಳಿ. ಗೋಧಿ ಹುಗ್ಗಿ ಎಲ್ಲಿಗೂ ಓಡಿಹೋಗುವುದಿಲ್ಲ.

ಇವತ್ತು ನನಗೆ 60 ತುಂಬಿತು ಅಂತ ಎಲ್ಲರೂ ಹೇಳಿದಿರಿ. ನಿಜ ಹೇಳಲಾ? ತುಂಬಿ ಮೂರು ತಿಂಗಳು ದಾಟಿತು. 1971ರಲ್ಲಿ ನಮ್ಮಪ್ಪ ನನ್ನನ್ನು ಸಾಲಿಗೆ ಹಚ್ಚಲು ಕರೆದುಕೊಂಡು ಹೋದಾಗ ಮಾಸ್ತರು ಕೇಳಿದರಂತೆ, "ಯಾವಾಗ ಹುಟ್ಯಾನೋ ಇವ?" ನಮ್ಮಪ್ಪ ಹೇಳಿದ್ದು, "ಬಿಳಿಜೋಳ ಕೊಯ್ಯಾಕ ಹತ್ತಿದ್ವಿರಿ." ಬಿಳಿಜೋಳ ಕೊಯ್ಯುವುದು ಶಿವರಾತ್ರಿ ಆಸುಪಾಸು. ಮಾಸ್ತರು ಬರೆದುಕೊಂಡದ್ದು 1-6-1965. ಸಾಲಿ ಶುರುವಾಗುವ ಹೊತ್ತಿಗೆ ಸರಿಯಾಗಿ ಆರು ತುಂಬಬೇಕಲ್ಲ, ಅದಕ್ಕೆ. ಆಗ ಹಾಜರಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಮೇ 31 ಬಂತು ಅಂದರೆ ರಾಜ್ಯದ ತುಂಬ ಮೇಷ್ಟ್ರುಗಳಿಗೆ ಹಾರ ಬೀಳುವುದು ಈ ಕಾರಣಕ್ಕೆ. ಆ ಮಾಸ್ತರ ಪೆನ್ನಿನಿಂದ ನನಗೆ ಮೂರು ತಿಂಗಳ ಸಂಬಳ ಜಾಸ್ತಿ ಸಿಕ್ಕಿತು. ಅವರು ಈಗಿಲ್ಲ. ಇದ್ದಿದ್ದರೆ ಇವತ್ತು ಈ ಶಾಲು ಅವರಿಗೇ ಹೊದಿಸುತ್ತಿದ್ದೆ.

ನನಗಿಂತ ಮೊದಲು ಮಾತಾಡಿದವರು ನಾನು ಮಾಡಿದ್ದು, ಮಾಡದ್ದು ಎಲ್ಲ ಹೇಳಿದರು. ಮೂರು ಕೊಠಡಿ ಕಟ್ಟಿಸಿದೆ ಅಂದರು. ನಾನು ಕಟ್ಟಿಸಲಿಲ್ಲ. ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ದುಡ್ಡು ಬರುತ್ತದೆ, ಆ ದುಡ್ಡಿನಲ್ಲಿ ಕಟ್ಟಿದ್ದು. ನಾನು ಮಾಡಿದ್ದು ಅರ್ಜಿ ಕೊಟ್ಟಿದ್ದು, ಆಮೇಲೆ ಅರ್ಜಿ ಎಲ್ಲಿದೆ ಅಂತ ಕೇಳುತ್ತಾ ಓಡಾಡಿದ್ದು. ರಿಸಲ್ಟ್ ಚೆನ್ನಾಗಿ ತಂದರು ಅಂದರು. ಬರೆದವರು ಮಕ್ಕಳು.

ನಾನು ಮಾಡಿದ ಒಂದು ಕೆಲಸವನ್ನು ಯಾರೂ ಹೇಳಲಿಲ್ಲ. ಅದು ನಿಮಗೆ ಗೊತ್ತಿಲ್ಲ. ಅದನ್ನು ನಾನೇ ಹೇಳುತ್ತೇನೆ.

ಈ ವಾರವೆಲ್ಲ ಚಾರ್ಜ್ ಪಟ್ಟಿ ಮಾಡುತ್ತಿದ್ದೆವು. ಬೀಗ, ಬೀಗದ ಕೈ, ಬೆಂಚು, ಅಲ್ಮಾರಿ, ಕ್ಯಾಶ್ ಬುಕ್, ಗ್ಲೋಬು. ಸ್ಟಾಕ್ ರಿಜಿಸ್ಟರಿನಲ್ಲಿ ಬ್ಯೂರೆಟ್ ಆರು ಅಂತಿದೆ, ಇರುವುದು ನಾಲ್ಕು. ಎರಡರ ದುಡ್ಡು ನಾನು ಕೊಟ್ಟೆ. ನಮ್ಮ ವಿಜ್ಞಾನದ ಸರ್ ಯಾಕೋ ಆ ಕಡೆ ನೋಡುತ್ತಿದ್ದಾರೆ. ಇರಲಿ. ಕೊನೆಗೆ ಟಿಸಿ ಪುಸ್ತಕಗಳ ಲೆಕ್ಕ ಬಂತು. ಟಿಸಿ ಪುಸ್ತಕದಲ್ಲಿ ಅರ್ಧ ಹಾಳೆ ಹರಿದು ಕೊಡುತ್ತೇವೆ, ಅರ್ಧ ನಮ್ಮಲ್ಲೇ ಉಳಿಯುತ್ತದೆ. ಹಳೆಯ ಪುಸ್ತಕ ತಿರುವಿ ಹಾಕುವಾಗ ಒಂದು ಹಾಳೆಗೆ ಬಂದು ಕೈ ನಿಂತಿತು.

ನಾನು ಈ ಶಾಲೆಗೆ ಬಂದ ಎರಡನೇ ವರ್ಷದ ಮಾತು. ದೀಪಾವಳಿ ಆಗಿ ವಾರ ಆಗಿತ್ತು. ಒಬ್ಬರು ತಮ್ಮ ಮಗಳ ಜೊತೆ ಆಫೀಸಿಗೆ ಬಂದರು. ಹುಡುಗಿ ಒಂಬತ್ತನೇ ಕ್ಲಾಸು. "ಬೆಂಗ್ಳೂರಿಗೆ ಬಿಲ್ಡಿಂಗ್ ಕೆಲಸಕ್ಕ ಹೊಂಟೀವ್ರಿ ಸರ. ಅಲ್ಲೇ ಸಾಲಿಗೆ ಹಚ್ತೀನ್ರಿ. ಟಿಸಿ ಕೊಡ್ರಿ." ಆವತ್ತು ನನಗೆ ಮೀಟಿಂಗಿಗೆ ಹೋಗುವ ಅವಸರ. ಸ್ಕೂಟರ್ ಕೀ ಕೈಯಲ್ಲೇ ಇತ್ತು. ಯಾವ ಶಾಲೆ ಅಂತ ಕೇಳಲಿಲ್ಲ. ಬೆಂಗಳೂರಲ್ಲಿ ಎಲ್ಲಿ ಅಂತಲೂ ಕೇಳಲಿಲ್ಲ. ಗುಮಾಸ್ತರು ಬರೆದರು, ನಾನು ಸಹಿ ಹಾಕಿದೆ. ಐದು ನಿಮಿಷದ ಕೆಲಸ.

ಆ ಅರ್ಧ ಹಾಳೆ ಈಗಲೂ ಇದೆ. ಶಾಲೆ ಬಿಟ್ಟ ಕಾರಣ: ಪಾಲಕರ ಕೋರಿಕೆಯಂತೆ. ನಡತೆ: ಉತ್ತಮ. ಕೆಳಗೆ ಅಪ್ಪನ ಹೆಬ್ಬೆಟ್ಟು. ಹೆಬ್ಬೆಟ್ಟಿನ ಪಕ್ಕ ಇದು ಯಾರದು ಅಂತ ಹೆಸರು ಬರೆಯಬೇಕಲ್ಲ, ಅದನ್ನು ಆ ಹುಡುಗಿಯೇ ಬರೆದಿದ್ದಾಳೆ. ದುಂಡಗಿನ ಅಕ್ಷರ. ಒತ್ತಕ್ಷರ ಕೂಡ ತಪ್ಪಿಲ್ಲ.

ಎರಡು ವರ್ಷ ಆದ ಮೇಲೆ ಅಲಾಯಿ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ಸಿಕ್ಕಳು. ಬಗಲಲ್ಲಿ ಕೂಸು. "ನಮಸ್ತೆ ಸರ" ಅಂದಳು. ಯಾವ ಶಾಲೆಗೆ ಸೇರಿದ್ದೆ ಅಂತ ಕೇಳಿದೆ. ಎಲ್ಲೂ ಸೇರಿರಲಿಲ್ಲ. ಶೆಡ್ಡಿನಲ್ಲಿ ತಮ್ಮಂದಿರನ್ನು ನೋಡಿಕೊಂಡಳಂತೆ, ಮುಂದಿನ ವರ್ಷ ಮದುವೆ. "ಟಿಸಿ ಹಂಗೇ ಐತ್ರಿ ಸರ, ಟ್ರಂಕಿನಾಗ. ಪ್ಲಾಸ್ಟಿಕ್ ಕವರ್ ಹಾಕಿಟ್ಟೀನಿ" ಅಂದಳು. ನನಗೆ ಏನೋ ಒಳ್ಳೆ ಸುದ್ದಿ ಕೊಡುವ ಹಾಗೆ ಹೇಳಿದಳು. ಹತ್ತನೇದು ಖಾಸಗಿಯಾಗಿ ಕಟ್ಟಬಹುದಮ್ಮ ಅಂದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಬಳೆ ಅಂಗಡಿ ಕಡೆ ನೋಡುತ್ತಿದ್ದರು.

ಹುಡುಗಿಗೆ 18 ಆಗುವ ಮೊದಲು ಮದುವೆ ಮಾಡುವುದು ಅಪರಾಧ, 1098ಕ್ಕೆ ಫೋನ್ ಮಾಡಿ ಅಂತ ನಮ್ಮ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೇವೆ. ಮದುವೆ ಆಗುವುದು ಮಾತ್ರ ಆ ಗೋಡೆ ಕಾಣಿಸದ ಊರಲ್ಲಿ.

ಕಾನೂನಿನ ಒಂದು ಮಾತು ಹೇಳಬೇಕು, ತಂದೆ ತಾಯಿಗಳು ಕೇಳಿಸಿಕೊಳ್ಳಿ. 2010ರ ಏಪ್ರಿಲ್‌ನಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ. ಅದು 6ರಿಂದ 14 ವರ್ಷದ ಮಕ್ಕಳಿಗೆ. ಅಂದರೆ ಎಂಟನೇ ಕ್ಲಾಸಿನವರೆಗೆ. ಮಗು ಬರಲಿಲ್ಲ ಅಂದರೆ ಮನೆಗೆ ಹೋಗಿ ಕರೆತರಬೇಕು, ಶಾಲೆ ಬಿಟ್ಟ ಮಕ್ಕಳ ಸರ್ವೆ ಮಾಡಬೇಕು, ಇದೆಲ್ಲ ಜೋರಾಗಿ ನಡೆಯುವುದು ಅಲ್ಲಿಯವರೆಗೆ. ಒಂಬತ್ತಕ್ಕೆ ಬಂದ ಕೂಡಲೇ ಕಾನೂನು ಕೈ ಸಡಿಲ ಮಾಡುತ್ತದೆ. ಹೊಲದ ಕೆಲಸಕ್ಕೆ ಕೈ ಬಲಿಯುವುದೂ ಅದೇ ವಯಸ್ಸಿಗೆ, ಹೆಣ್ಣು ಕೇಳಿಕೊಂಡು ಬರುವುದೂ ಅದೇ ವಯಸ್ಸಿಗೆ. ಮೊಟ್ಟೆ ಕಥೆಯೂ ಹೀಗೇ ಆಗಿತ್ತು. 2021ರ ಡಿಸೆಂಬರ್‌ನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮೊಟ್ಟೆ ಬಂತು, ಆದರೆ ಎಂಟನೇ ಕ್ಲಾಸಿನವರೆಗೆ ಮಾತ್ರ. ಒಂದೇ ಅಂಗಳ, ಒಂದೇ ಸಾಲು. ಎಂಟರವನಿಗೆ ಮೊಟ್ಟೆ, ಅವನ ಅಕ್ಕ ಒಂಬತ್ತರವಳಿಗೆ ಬರೀ ಅನ್ನ ಸಾಂಬಾರು. ಒಬ್ಬ ಹುಡುಗ ದಿನಾ ಅರ್ಧ ಮೊಟ್ಟೆ ಅಕ್ಕನ ತಟ್ಟೆಗೆ ದಾಟಿಸುತ್ತಿದ್ದ. ನಮ್ಮ ಅಡುಗೆ ಅಕ್ಕ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. 2023ರಲ್ಲಿ ದೊಡ್ಡ ಕ್ಲಾಸಿಗೂ ಕೊಟ್ಟರು.

ಆ ಅಲಾಯಿ ಹಬ್ಬದ ಮರುದಿನದಿಂದ ನಾನು ಒಂದು ಅಭ್ಯಾಸ ಮಾಡಿಕೊಂಡೆ. ವರ್ಷದ ನಡುವೆ ಯಾರಾದರೂ ಟಿಸಿ ಕೇಳಿದರೆ ಮೊದಲು ಕುರ್ಚಿ, ಆಮೇಲೆ ಚಾ. ಯಾವ ಊರು, ಯಾವ ಏರಿಯಾ, ಮೇಸ್ತ್ರಿ ಯಾರು, ಹತ್ತಿರದ ಸಾಲಿ ಯಾವುದು? ಕೊಡುವುದಿಲ್ಲ ಅನ್ನುವ ಅಧಿಕಾರ ನನಗಿಲ್ಲ. ಒಂದು ತಾಸು ಮಾತಾಡುವುದನ್ನು ಯಾರೂ ತಡೆಯುವುದಿಲ್ಲವಲ್ಲ. ಎಷ್ಟೋ ಸಲ ಆ ತಾಸಿನಲ್ಲಿ ಅಜ್ಜಿ ನೆನಪಾಗುತ್ತಾಳೆ, ಸೋದರಮಾವ ನೆನಪಾಗುತ್ತಾನೆ, ಬಿಸಿಎಂ ಹಾಸ್ಟೆಲ್ಲು ನೆನಪಾಗುತ್ತದೆ. ಮಗು ಊರಲ್ಲೇ ಉಳಿಯುತ್ತದೆ. ಟಿಸಿ ಕೊಡಲೇಬೇಕಾಗಿ ಬಂದರೆ ಹದಿನೈದು ದಿನ ಬಿಟ್ಟು ಕಂಪ್ಯೂಟರ್ ತೆಗೆದು ನೋಡುವುದು. ಈಗ ಪ್ರತಿ ಮಗುವಿಗೂ ಒಂದು ನಂಬರ್ ಇದೆ, ಹೊಸ ಶಾಲೆಯವರು ಅದೇ ನಂಬರಿನಿಂದ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡಿಲ್ಲ ಅಂದರೆ ಮಗು ಶೆಡ್ಡಿನಲ್ಲಿದೆ ಅಂತಲೇ ಅರ್ಥ. ಫೋನ್ ಹಚ್ಚುವುದು. ಬೈಸಿಕೊಂಡಿದ್ದೂ ಇದೆ. "ನಿಮಗ್ಯಾಕ್ರಿ ಸರ ನಮ್ ಮನಿ ಉಸಾಬರಿ?" ಅಂದವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಅವರ ಮಗ ಈಗ ಸಿಂಧನೂರಿನಲ್ಲಿ ಐಟಿಐ ಓದುತ್ತಿದ್ದಾನೆ.

ಹೀಗೆ ಕೆಲಸ ಹುಡುಕಿಕೊಂಡು ಊರು ಬಿಟ್ಟು ಗುಳೆ ಹೋಗುವವರನ್ನು ನಾನು ಯಾವತ್ತೂ ಬೈದಿಲ್ಲ. ನಮ್ಮಪ್ಪನೂ ಹೋದವನೇ. ನಮ್ಮ ಊರಿಗೆ ಕಾಲುವೆ ಇದೆ, ಆದರೆ ಕೊನೆಯ ಭಾಗ. ತುಂಗಭದ್ರಾ ಎಡದಂಡೆ ಕಾಲುವೆ ಮಾಡಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗೆ. ಮೇಲಿನವರು ಭತ್ತ ಹಚ್ಚಿದರು, ನಮಗೆ ಬರುವಷ್ಟರಲ್ಲಿ ಕಾಲುವೆಯಲ್ಲಿ ಕಪ್ಪೆ ಮುಳುಗುವಷ್ಟೂ ನೀರಿಲ್ಲ. ನನ್ನ ಹಾಜರಿ ಪುಸ್ತಕಕ್ಕೂ ಮುನಿರಾಬಾದಿನ ಡ್ಯಾಮಿಗೂ ನೇರ ನಂಟು. ಕಳೆದ ವರ್ಷ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತಲ್ಲ, ಶನಿವಾರ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಎಂಟನೇ ಕ್ಲಾಸಿನ ಒಬ್ಬಳು ನನ್ನ ಹಿಂದೆ ಹಿಂದೆ ಬಂದಳು. "ಸರ, ಗೇಟ್ ಹೋತಂತಲ್ರಿ. ಹಂಗಾರ ನಾವು ಈ ಸಲ ದೀಪಾವಳಿ ಮುಂಚೇನೇ ಹೋಗ್ಬೇಕಾ?" ಎಂಜಿನಿಯರುಗಳು ಎಷ್ಟು ಟಿಎಂಸಿ ಹೋಯಿತು ಅಂತ ಲೆಕ್ಕ ಹಾಕುತ್ತಿದ್ದರು, ಇವಳು ಇನ್ನೆಷ್ಟು ದಿನ ಸಾಲಿ ಅಂತ ಲೆಕ್ಕ ಹಾಕುತ್ತಿದ್ದಳು. ಪುಣ್ಯಕ್ಕೆ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದರು, ಆಮೇಲೆ ಮಳೆಯೂ ಬಂತು. ಅವಳು ಹೋಗಲಿಲ್ಲ. ಈಗ ಒಂಬತ್ತನೇ ಕ್ಲಾಸು. ಅಗೋ, ಗೆಳತಿಯ ಬೆನ್ನ ಹಿಂದೆ ಮುಖ ಮುಚ್ಚಿಕೊಂಡಳು.

ಮುಖ ಮುಚ್ಚಿಕೊಳ್ಳುವುದು ಅಂದಾಗ ನೆನಪಾಯಿತು. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಗ್ಗೆ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಟಂಟಂ ಒಂದರ ಹಿಂದೆ ಒಂದು. ಹಿಂದೆ ಕೂತ ಹುಡುಗಿಯರು ಅಪ್ಪನ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತಿರುತ್ತಾರೆ. ನನ್ನನ್ನು ಕಂಡ ಕೂಡಲೇ ಟವೆಲ್ ಕಣ್ಣಿನವರೆಗೂ ಇಳಿಯುತ್ತದೆ. ಆದರೆ ಜಡೆಯ ತುದಿಯಲ್ಲಿ ಶಾಲೆಯ ರಿಬ್ಬನ್ ಇರುತ್ತದಲ್ಲ, ಅದನ್ನು ಬಿಚ್ಚಲು ಮರೆತಿರುತ್ತಾರೆ. ನಾನು ಗಾಡಿ ತಡೆಯುತ್ತಿರಲಿಲ್ಲ. ರಿಬ್ಬನ್ ಎಣಿಸಿಕೊಂಡು ಒಳಗೆ ಹೋಗಿ, ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ನನ್ನ ಹೆಂಡತಿಯನ್ನು ಕೇಳಿ, ಡಿಸೆಂಬರ್ ತಿಂಗಳಲ್ಲಿ ನಾನು ಮನೆಯಲ್ಲಿ ಬಿಸಿ ರೊಟ್ಟಿ ತಿಂದ ನೆನಪಿದೆಯಾ ಅಂತ.

ನಾನು ಸಮಾಜದ ಮೇಷ್ಟ್ರು. ಅಶೋಕನ ಸುದ್ದಿ ಇಲ್ಲದೆ ಮಾತು ಮುಗಿಸಿದರೆ ಹಳೆಯ ವಿದ್ಯಾರ್ಥಿಗಳು ಬೇಜಾರು ಮಾಡಿಕೊಳ್ಳುತ್ತಾರೆ. ಪ್ರತಿ ವರ್ಷ ಮಕ್ಕಳನ್ನು ಮಸ್ಕಿಯ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದೆ. 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಬಂಗಾರ ಹುಡುಕುತ್ತಾ ಬಂದವನು ಅಲ್ಲಿ ಶಾಸನ ಕಂಡ. ಅದಕ್ಕೂ ಮುಂಚೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು. ಅಶೋಕ ಅನ್ನುವ ಹೆಸರು ಕಲ್ಲಿನ ಮೇಲೆ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಪುಸ್ತಕಗಳಲ್ಲಿ ಅಶೋಕ ಇದ್ದ, ಕಲ್ಲುಗಳಲ್ಲಿ ಪ್ರಿಯದರ್ಶಿ ಇದ್ದ, ಇಬ್ಬರೂ ಒಬ್ಬನೇ ಅನ್ನುವುದು ಇಲ್ಲಿ ಗಟ್ಟಿಯಾಯಿತು. ಇಷ್ಟು ಹೇಳಿದ ಮೇಲೆ ಒಂದು ವರ್ಷ ಒಬ್ಬ ಹುಡುಗ ಕೇಳಿದ, "ಅಂದ್ರ ರಾಜನ ಹೆಸರೂ ಹಾಜರಿಯಾಗ ಬಿಟ್ಟು ಹೋಗಿತ್ತೇನ್ರಿ ಸರ?" ಆ ಹುಡುಗನೇ ಎರಡು ವರ್ಷ ಹತ್ತಿ ಸೀಸನ್ನಿನಲ್ಲಿ ನಮ್ಮ ಹಾಜರಿಯಿಂದ ಬಿಟ್ಟು ಹೋಗುತ್ತಿದ್ದವನು. ಅದೇ ಶಾಸನದಲ್ಲಿ, ದೊಡ್ಡವರು ಮಾತ್ರ ಇದನ್ನು ಪಡೆಯಬಹುದು ಅಂದುಕೊಳ್ಳಬೇಡಿ, ಸಣ್ಣವರಿಗೂ ಸಾಧ್ಯ, ಇಬ್ಬರಿಗೂ ಹೇಳಿ ಅಂತ ಬರೆದಿದೆ. ಧರ್ಮದ ವಿಷಯಕ್ಕೆ ಹೇಳಿದ್ದು. ನಾನು ಹತ್ತನೇ ಕ್ಲಾಸಿನ ಪರೀಕ್ಷೆಗೂ ಅದನ್ನೇ ಹಚ್ಚಿ ಹೇಳುತ್ತಿದ್ದೆ. ಅಶೋಕ ಬೇಡ ಅನ್ನಲಿಕ್ಕಿಲ್ಲ.

ಸಾಕು, ಮಕ್ಕಳು ಹುಗ್ಗಿ ಕಡೆ ನೋಡುತ್ತಿದ್ದಾರೆ.

ಮೇಡಂ, ಚಾರ್ಜ್ ನೀವು ತಗೊಳ್ಳುತ್ತಿದ್ದೀರಿ. ಬೀಗದ ಕೈ ನಿನ್ನೆಯೇ ಕೊಟ್ಟಿದ್ದೇನೆ. ಈ ಒಂದು ಹಾಳೆ ಚಾರ್ಜ್ ಪಟ್ಟಿಯಲ್ಲಿಲ್ಲ, ಇದಕ್ಕೆ ಸಹಿ ಬೇಕಿಲ್ಲ. ಶಾಲೆ ಬಾಗಿಲು ತೆಗೆದು ಇವತ್ತಿಗೆ ಮೂರು ದಿನ. ಗುಳೆ ಹೋದವರಲ್ಲಿ ಇನ್ನೂ ಹನ್ನೊಂದು ಮಕ್ಕಳು ಬಂದಿಲ್ಲ. ಹೆಸರು, ಕ್ಲಾಸು, ಅಪ್ಪನ ನಂಬರ್, ಮೇಸ್ತ್ರಿಯ ನಂಬರ್ ಎಲ್ಲ ಇದೆ. ನಾಲ್ಕು ಮಂದಿ ಬೆಂಗಳೂರು, ಐದು ಮಂದಿ ಮಂಗಳೂರು ಕಡೆ. ಇಬ್ಬರು ಎಲ್ಲಿದ್ದಾರೆ ಅಂತ ಅವರ ಅಜ್ಜಿಗೂ ಗೊತ್ತಿಲ್ಲ. ಈ ಇಬ್ಬರ ಹೆಸರು ಮಾತ್ರ ದಯವಿಟ್ಟು ಹೊಡೆದು ಹಾಕಬೇಡಿ. ಜುಲೈ ಮೊದಲ ವಾರ ಮೊಹರಂ ಇದೆ. ಅಲಾಯಿ ದೇವರು ಏಳುವ ದಿನ ಎಲ್ಲಿದ್ದರೂ ಊರಿಗೆ ಬಂದೇ ಬರುತ್ತಾರೆ. ಆವತ್ತು ಸಂಜೆ ಅಲಾಯಿ ಕುಣಿ ಹತ್ತಿರ ಒಂದು ಸುತ್ತು ಹಾಕಿ, ಸಿಗುತ್ತಾರೆ.

ಉಳಿದವರಿಗೆ ಸೋಮವಾರ ಫೋನ್ ಮಾಡಿ. ಬೆಳಗ್ಗೆ ಎಂಟರೊಳಗೆ ಮಾಡಿ. ಎಂಟಾದ ಮೇಲೆ ಅವರು ಕೆಲಸಕ್ಕೆ ಹತ್ತಿಬಿಡುತ್ತಾರೆ, ಮಷೀನಿನ ಸದ್ದಿನಲ್ಲಿ ರಿಂಗ್ ಕೇಳಿಸುವುದಿಲ್ಲ.