ಹಳೆಯ ಲ್ಯಾಪ್‌ಟಾಪಿನ ಮೇಲೆ ಸುಮ್ಮನೆ ಹೊರಿಸುವ ತಪ್ಪು

ನಮಸ್ಕಾರ. ಹಳೆಯ ಲ್ಯಾಪ್‌ಟಾಪಿಗೆ ವೈಫೈ ಸಿಗುತ್ತಿಲ್ಲವೆಂದು ರಿಪೇರಿ ಅಂಗಡಿಗೆ ಹೋದರೆ ಸಾಮಾನ್ಯವಾಗಿ ಎರಡೇ ಉತ್ತರ ಸಿಗುತ್ತವೆ. ಒಂದು, ‘ಫಾರ್ಮ್ಯಾಟ್ ಮಾಡಿಬಿಡೋಣ ಸಾರ್’. ಇನ್ನೊಂದು, ‘ತುಂಬ ಹಳೇದಾಯ್ತು, ಹೊಸದು ತಗೊಳ್ಳಿ’. ಈ ಎರಡೂ ಬಹಳಷ್ಟು ಸಲ ಅವಸರದ ಉತ್ತರಗಳು ಎಂಬುದು ನನ್ನ ಅಭಿಪ್ರಾಯ. ನಿನ್ನೆಯವರೆಗೆ ನೆಟ್ ಹಿಡಿಯುತ್ತಿದ್ದ ಯಂತ್ರ ಇಂದು ಹಿಡಿಯುತ್ತಿಲ್ಲವೆಂದರೆ, ಈ ನಡುವೆ ಮನೆಯಲ್ಲಿ ಏನು ಬದಲಾಯಿತು ಎಂದು ಮೊದಲು ಕೇಳಬೇಕು. ಎಷ್ಟೋ ಸಲ ಬದಲಾಗಿರುವುದು ಲ್ಯಾಪ್‌ಟಾಪ್ ಅಲ್ಲ, ರೂಟರ್.

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. 2010ರಲ್ಲಿ ಅಣ್ಣ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪನ್ನು ಅಪ್ಪ ಇಂದಿಗೂ ಬಿಟ್ಟಿಲ್ಲ. ನುಡಿ ತಂತ್ರಾಂಶದಲ್ಲಿ ಅವರು ಬೆರಳಚ್ಚು ಮಾಡಿದ ಪತ್ರಗಳು, ಲೆಕ್ಕಪತ್ರಗಳು ಎಲ್ಲವೂ ಅದರಲ್ಲೇ ಇವೆ. ಮನೆಗೆ ಫೈಬರ್ ಸಂಪರ್ಕ ಬಂದು ಹೊಸ ರೂಟರ್ ಕೂತ ದಿನದಿಂದ ಆ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಪಕ್ಕದ ಮನೆಯ ವೈಫೈ, ಎದುರು ಮನೆಯ ವೈಫೈ ಎಲ್ಲವೂ ಕಾಣುತ್ತಿದ್ದವು, ನಮ್ಮದೊಂದನ್ನು ಬಿಟ್ಟು. ಅಂಗಡಿಯವರು ಪರದೆಯನ್ನು ಎರಡು ನಿಮಿಷ ನೋಡಿ, ವೈಫೈ ಕಾರ್ಡ್, ಅಂದರೆ ಸಿಗ್ನಲ್ ಹಿಡಿಯುವ ಒಳಗಿನ ಬಿಡಿಭಾಗ, ಹೋಗಿದೆ ಎಂದರು. ಕಾರ್ಡ್ ಹೋಗಿದ್ದರೆ ಪಕ್ಕದ ಮನೆಯದು ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಅವರಿಗೂ ಹೊಳೆಯಲಿಲ್ಲ, ಆ ಕ್ಷಣಕ್ಕೆ ನನಗೂ ಹೊಳೆಯಲಿಲ್ಲ.

ತೊಂದರೆಯ ಮೂಲ ಇದ್ದದ್ದು ಚಾನಲ್‌ನಲ್ಲಿ, ಅಂದರೆ ರೂಟರ್ ಸಿಗ್ನಲ್ ಕಳಿಸಲು ಆರಿಸಿಕೊಳ್ಳುವ ತರಂಗಪಟ್ಟಿಯ ತುಣುಕಿನಲ್ಲಿ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಭಾರತದ ರೂಟರ್‌ಗಳು 1ರಿಂದ 13ರವರೆಗಿನ ಚಾನಲ್‌ಗಳನ್ನು ಬಳಸಬಹುದು; ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಅನೇಕ ವೈಫೈ ಕಾರ್ಡ್‌ಗಳು 11ಕ್ಕೇ ನಿಲ್ಲುತ್ತವೆ. ‘ಆಟೊ’ ಎಂದು ಬಿಟ್ಟಿದ್ದ ನಮ್ಮ ರೂಟರ್ ಸುತ್ತಲಿನ ಗದ್ದಲ ತಪ್ಪಿಸಿಕೊಳ್ಳಲು 13ಕ್ಕೆ ಹೋಗಿ ಕೂತಿತ್ತು. ಫೋನಿನಲ್ಲಿ ವೈಫೈ ಅನಲೈಸರ್ ಬಗೆಯ ಆ್ಯಪ್ ಹಾಕಿ ನೋಡಿದಾಗ ಅದು ಗೊತ್ತಾಯಿತು. ಬ್ರೌಸರ್‌ನಲ್ಲಿ 192.168.1.1 ಎಂದು ಹಾಕಿ, ರೂಟರ್‌ನ ಒಳಪುಟಕ್ಕೆ ಹೋಗಿ, ಚಾನಲ್ಲನ್ನು 6 ಎಂದು ನಿಗದಿ ಮಾಡಿದೆ. ನಮ್ಮ ಮನೆಯ ಹೆಸರು ಪಟ್ಟಿಯ ಮೊದಲಿಗೇ ಬಂದು ನಿಂತಿತು.

ಫೋನಿಗೆ ಸಿಗುತ್ತದೆ, ಲ್ಯಾಪ್‌ಟಾಪಿಗೆ ಸಿಗುವುದಿಲ್ಲ, ಆದ್ದರಿಂದ ಲ್ಯಾಪ್‌ಟಾಪ್ ಕೆಟ್ಟಿದೆ ಎಂಬ ತರ್ಕವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಸಂಪರ್ಕ ಹೊಂದಿರಬಹುದು, ಆದರೆ ಆ ಕಾಲದ ಅಗ್ಗದ ಕಾರ್ಡ್‌ಗಳಿಗೆ 2.4 ಬಿಟ್ಟರೆ ಬೇರೆ ತಿಳಿಯದು. ಈಗಿನ ರೂಟರ್‌ಗಳು ಎರಡಕ್ಕೂ ಒಂದೇ ಹೆಸರಿಟ್ಟು ವ್ಯತ್ಯಾಸವನ್ನೇ ಮರೆಮಾಚುತ್ತವೆ. ಎರಡಕ್ಕೂ ಬೇರೆ ಬೇರೆ ಹೆಸರಿಡಿ, ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಹೆಸರು ಕಾಣುತ್ತಿದ್ದು, ಪಾಸ್‌ವರ್ಡ್ ಸರಿಯಿದ್ದೂ ಒಳಗೆ ಬಿಡುತ್ತಿಲ್ಲವೆಂದರೆ ಭದ್ರತಾ ವ್ಯವಸ್ಥೆಯನ್ನು ನೋಡಿ. ಡಬ್ಲ್ಯುಪಿಎ3 ಎಂಬ ಹೊಸ ವೈಫೈ ಭದ್ರತಾ ಪದ್ಧತಿ ಬಂದದ್ದು 2018ರಲ್ಲಿ. 2010ರ ಕಾರ್ಡಿಗೆ ಅದು ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ, ಅದನ್ನೂ ಅದರ ಹಿಂದಿನ ಡಬ್ಲ್ಯುಪಿಎ2ನ್ನೂ ಬೆರೆಸಿಟ್ಟ ವ್ಯವಸ್ಥೆಯಲ್ಲೂ ಕೆಲವು ಹಳೆಯ ಡ್ರೈವರ್‌ಗಳು (ಕಾರ್ಡನ್ನು ನಡೆಸುವ ತಂತ್ರಾಂಶಗಳು) ಎಡವುತ್ತವೆ. ರೂಟರನ್ನು ಡಬ್ಲ್ಯುಪಿಎ2ಗೆ ಇಳಿಸಿದರೆ ಸಾಕು. ಅದಕ್ಕಿಂತ ಕೆಳಗೆ, ಹಳೆಯ ಡಬ್ಲ್ಯುಇಪಿಗೆ ಇಳಿಯಬೇಡಿ. ಅದನ್ನು ಒಡೆಯುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ.

ಇನ್ನು ಫಾರ್ಮ್ಯಾಟ್ ವಿಚಾರ. ವಿಂಡೋಸ್ 7ನ್ನು ಹೊಸದಾಗಿ ಹಾಕಿದಾಗ ವೈಫೈ ಡ್ರೈವರ್ ಎಷ್ಟೋ ಸಲ ಜೊತೆಗೆ ಬರುವುದಿಲ್ಲ. ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಆ ಡ್ರೈವರ್ ಬೇಕು. ನೀರು ಸೇದುವ ಹಗ್ಗವೇ ಬಾವಿಗೆ ಬಿದ್ದಂತೆ. ಫಾರ್ಮ್ಯಾಟ್ ಎಂಬ ಮಾತು ಬರುವುದಕ್ಕೆ ಮೊದಲೇ ಒಂದು ಲ್ಯಾನ್ ಕೇಬಲ್ಲನ್ನು ರೂಟರ್‌ಗೆ ಸಿಕ್ಕಿಸಿ ನೋಡಿ. ಕೇಬಲ್‌ನಲ್ಲಿ ನೆಟ್ ಬಂದರೆ ಲೈನ್ ಸರಿಯಿದೆ, ತೊಂದರೆ ವೈಫೈಗೆ ಮಾತ್ರ ಸೀಮಿತ ಎಂದು ಗೊತ್ತಾಗುತ್ತದೆ. ಬೇಕಾದ ಡ್ರೈವರನ್ನೂ ಅದೇ ದಾರಿಯಲ್ಲಿ ತರಿಸಿಕೊಳ್ಳಬಹುದು. ಹಾಗೆಯೇ ಲ್ಯಾಪ್‌ಟಾಪಿನ ಮುಂದಿನ ಅಂಚನ್ನು ಒಮ್ಮೆ ಬೆರಳಿನಿಂದ ಸವರಿ. ಅಲ್ಲಿ ವೈಫೈ ಆರಿಸುವ ಪುಟ್ಟ ಸ್ವಿಚ್ ಇರುವ ಮಾದರಿಗಳು ಆಗ ಬೇಕಾದಷ್ಟಿದ್ದವು, ಚೀಲದೊಳಗೆ ಇಡುವಾಗ ಅದು ತಾನಾಗಿ ಸರಿದಿರುತ್ತದೆ.

ಚಾನಲ್ ಸರಿಪಡಿಸಿದ ಮೇಲೂ ನಮ್ಮ ಕಥೆ ಮುಗಿಯಲಿಲ್ಲ. ಸಿಗ್ನಲ್ ತುಂಬ ಇತ್ತು, ಆದರೆ ಅಪ್ಪನ ಬ್ಯಾಂಕಿನ ಪುಟ ತೆರೆಯಲೊಲ್ಲದು. ಜಾಲತಾಣ ಅಸಲಿ ಎಂದು ತೋರಿಸುವ ಭದ್ರತಾ ಪ್ರಮಾಣಪತ್ರ ಸರಿಯಿಲ್ಲವೆಂದು ಎಚ್ಚರಿಕೆ ಬರುತ್ತಿತ್ತು. ಪರದೆಯ ಮೂಲೆಯಲ್ಲಿದ್ದ ತಾರೀಖು 2009ರ ಜನವರಿ 1. ಲ್ಯಾಪ್‌ಟಾಪಿನೊಳಗೆ ಗಡಿಯಾರವನ್ನು ಕಾಪಾಡುವ ನಾಣ್ಯದಂಥ ಸಣ್ಣ ಬ್ಯಾಟರಿ ಸತ್ತಿತ್ತು. ಆದ್ದರಿಂದ ಚಾರ್ಜರ್ ತೆಗೆದು, ಮುಖ್ಯ ಬ್ಯಾಟರಿಯೂ ಬರಿದಾದಾಗಲೆಲ್ಲ ಯಂತ್ರ ಹಿಂದಿನ ಕಾಲಕ್ಕೆ ಹೋಗಿಬಿಡುತ್ತಿತ್ತು. ಇಂದು ಕೊಡುವ ಪ್ರಮಾಣಪತ್ರ ಆ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಬ್ಯಾಟರಿಗೆ ನೂರು ರೂಪಾಯಿಯೂ ಆಗಲಿಲ್ಲ. ಆದರೂ ಬ್ಯಾಂಕಿನ ವ್ಯವಹಾರವನ್ನು ಅಪ್ಪನ ಫೋನಿಗೆ ವರ್ಗಾಯಿಸಿದೆ, ಏಕೆಂದರೆ ಆ ಲ್ಯಾಪ್‌ಟಾಪಿನಲ್ಲಿರುವ ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳು 2020ರ ಜನವರಿಯಲ್ಲೇ ನಿಂತಿವೆ. ಹಳೆಯದನ್ನು ಉಳಿಸಿಕೊಳ್ಳಬೇಕೆನ್ನುವ ನನಗೂ ಅಲ್ಲಿ ವಾದವಿಲ್ಲ.

ಕಾರ್ಡ್ ನಿಜವಾಗಿಯೂ ಹೋಗುವುದುಂಟು. ಯಾವ ಮನೆಯ ವೈಫೈಯೂ ಕಾಣದೆ, ವಿಂಡೋಸ್‌ನಲ್ಲಿ ಬಿಡಿಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರೇ ಇಲ್ಲದಿದ್ದರೆ ಅನುಮಾನಿಸಿ. ರೂಟರ್ ಪಕ್ಕದಲ್ಲಿ ಮಾತ್ರ ಹಿಡಿಯುತ್ತಿದ್ದರೆ, ಯಾರೋ ಹಿಂದೆ ಬಿಚ್ಚಿದಾಗ ಕಾರ್ಡಿಗೆ ಸೇರುವ ಆ್ಯಂಟೆನಾ ತಂತಿಗಳನ್ನು ಮರಳಿ ಸಿಕ್ಕಿಸದೆ ಬಿಟ್ಟಿರಬಹುದು. ಈ ಎರಡನ್ನೂ ಸರಿಪಡಿಸಲಾಗದಿದ್ದರೆ ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ವೈಫೈ ಅಡಾಪ್ಟರ್ ಇದೆ.

ಫೈಬರ್ ಕಂಪನಿಯವರು ರೂಟರನ್ನು ರೀಸೆಟ್ ಮಾಡಿದರೆ ಚಾನಲ್ ಮತ್ತೆ ‘ಆಟೊ’ಗೆ ಮರಳುತ್ತದೆ. ಆದ್ದರಿಂದ ನಮ್ಮ ರೂಟರ್‌ನ ನೆತ್ತಿಯ ಮೇಲೆ ಈಗ ಅಪ್ಪನ ದುಂಡು ಅಕ್ಷರದ ಚೀಟಿಯೊಂದು ಅಂಟಿಕೊಂಡಿದೆ: ‘ಚಾನಲ್ 6. ದಯವಿಟ್ಟು ಮುಟ್ಟಬೇಡಿ.’