ಒಬ್ಬರೇ ಕಾಡಿಗೆ ಹೊರಟಿದ್ದೀರಾ?

ಕೇಳುಗರಿಗೆ ನಮಸ್ಕಾರ. ಒಬ್ಬರೇ ಕಾಡು ಬೆಟ್ಟ ಸುತ್ತಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ಹೋಗುವವರು ಹೋಗಿಯೇ ಹೋಗುತ್ತಾರೆ, ಅಲ್ವಾ? ಆದರೆ ಚಾಕು, ಟಾರ್ಚು, ಹಗ್ಗ ಅಂತ ಬ್ಯಾಗು ತುಂಬುವ ಮೊದಲು ಒಂದು ಕೆಲಸ ಮಾಡಿ. ಎಲ್ಲಿಗೆ ಹೋಗುತ್ತೀರಿ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು, ಆಗಲೂ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನೂ ಬರೆದು ನಂಬಿಕೆಯವರೊಬ್ಬರ ಕೈಗೆ ಕೊಡಿ.

2003ರಲ್ಲಿ ಅಮೆರಿಕದ ಯೂಟಾದಲ್ಲಿ, ಒಂದು ಇಕ್ಕಟ್ಟಾದ ಕಣಿವೆಯೊಳಗೆ ಆರನ್ ರಾಲ್‌ಸ್ಟನ್ ಎಂಬಾತನ ಬಲಗೈ ಬಂಡೆಗೆ ಸಿಕ್ಕಿಕೊಂಡಿತು. ಬೆಟ್ಟ ಹತ್ತುವುದರಲ್ಲಿ ಪಳಗಿದವನೇ. ಆದರೆ ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಐದು ದಿನ ಅಲ್ಲೇ ಸಿಕ್ಕಿಬಿದ್ದಿದ್ದು, ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಎಲ್ಲರೂ ಅವನ ಎದೆಗಾರಿಕೆಯನ್ನು ಹೊಗಳುತ್ತಾರೆ. ನನಗೆ ಮಾತ್ರ, ಒಂದು ಮಾತು ಹೇಳಿ ಹೋಗಿದ್ದರೆ ಹುಡುಕಾಟ ಬೇಗ ಶುರುವಾಗುತ್ತಿತ್ತಲ್ಲ ಅನ್ನಿಸುತ್ತದೆ.

ಸರಿ, ದಾರಿ ತಪ್ಪಿತು ಅಂತಿಟ್ಟುಕೊಳ್ಳಿ. ಗಾಬರಿಯಲ್ಲಿ ಕಾಲು ಜೋರಾಗಿ ನಡೆಯುತ್ತದೆ. ನಿಂತುಬಿಡಿ. ಕೂತು ಎರಡು ಗುಟುಕು ನೀರು ಕುಡಿಯಿರಿ. ಹುಡುಕುವವರು ನೀವು ಬರೆದಿಟ್ಟ ದಾರಿಯಿಂದಲೇ ಶುರು ಮಾಡುತ್ತಾರೆ, ನೀವು ಸುಮ್ನೆ ಅಲೆದಷ್ಟೂ ಅವರು ಜಾಲಾಡಬೇಕಾದ ಜಾಗ ದೊಡ್ಡದಾಗುತ್ತದೆ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎನ್ನುವ ಮಾತನ್ನು ಕಣ್ಣುಮುಚ್ಚಿ ನಂಬಬೇಡಿ. ಅದೇ ಹಳ್ಳ ಜಲಪಾತದ ತುದಿಗೂ ಕರೆದೊಯ್ಯುತ್ತದೆ.

ಕಾಡುಪ್ರಾಣಿಗಳ ಬಗ್ಗೆಯೇ ಜಾಸ್ತಿ ಜನ ಕೇಳುತ್ತಾರೆ. ನನ್ನನ್ನು ಕೇಳಿದರೆ ಚಳಿಗೆ ಹೆದರಿ. ಊಟವಿಲ್ಲದೆ ಕೆಲವು ದಿನ ತಳ್ಳಬಹುದು, ಆದರೆ ಮೈ ಒದ್ದೆಯಾಗಿ ಗಾಳಿ ಬೀಸಿದರೆ 10 ಡಿಗ್ರಿಯಲ್ಲೂ ದೇಹದ ಬಿಸಿ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಹತ್ತಿ ಬಟ್ಟೆ ನೆನೆದರೆ ಬೇಗ ಒಣಗುವುದಿಲ್ಲ, ಬೆಚ್ಚಗೂ ಇಡುವುದಿಲ್ಲ. ರಾತ್ರಿ ಹೊದಿಕೆ ಎಷ್ಟು ಮುಖ್ಯವೋ ಕೆಳಗಿನ ಹಾಸೂ ಅಷ್ಟೇ ಮುಖ್ಯ. ನೆಲ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ, ಹಾಗಾಗಿ ಒಣ ಎಲೆಗಳನ್ನು ದಪ್ಪಗೆ ಹರಡಿಕೊಂಡು ಮಲಗಿ.

ಟವರ್ ಇಲ್ಲದ ಕಡೆ ಫೋನು ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಮುಗಿಸುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿಡಿ. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗಬಹುದು, ಪ್ರಯತ್ನಿಸಿ.

ಇನ್ನೊಂದು, ಸೀಟಿ. ಕೂಗಿ ಕೂಗಿ ಗಂಟಲು ಬೇಗ ಕೂತುಹೋಗುತ್ತದೆ, ಸೀಟಿಗೆ ಆ ಕಷ್ಟವಿಲ್ಲ. ಮೂರು ಸಲ ಊದಿ, ಸ್ವಲ್ಪ ಹೊತ್ತು ಕಿವಿಗೊಟ್ಟು, ಮತ್ತೆ ಮೂರು ಸಲ ಊದಿ. ಅದನ್ನು ಬ್ಯಾಗಿನಲ್ಲಿ ಇಡಬೇಡಿ, ಅಂಗಿಯ ಜೇಬಿನಲ್ಲೇ ಇರಲಿ. ಜಾರಿ ಬಿದ್ದು ಕಾಲು ಮುರಿದರೆ ಬ್ಯಾಗು ಕೈಗೆ ಸಿಗದಷ್ಟು ದೂರ ಹೋಗಿ ಬಿದ್ದಿರಬಹುದು.